ಎರಡೂ ಕಡೆ ಕಾಜ

ಗಂಡ ಬೈಯುವುದನ್ನು ನಿಲ್ಲಿಸಿದ ದಿನವೇ ಅವಳಿಗೆ ಖಾತ್ರಿಯಾಯಿತು, ತನ್ನ ಕಥೆ ಮುಗಿಯಿತೆಂದು.

ಮದುವೆಯಾದಾಗಿನಿಂದ ಅವನು ದರ್ಜಿ, ಅವಳು ಕಾಜ ಗುಂಡಿ. ಅವನು ಹೊಲಿದ ಶರ್ಟಿಗೆಲ್ಲ ಗುಂಡಿ ತೂರುವ ಕಾಜ ಕತ್ತರಿಸಿ, ಅದರ ಅಂಚಿಗೆ ದಾರ ಕಟ್ಟುವವಳು ಅವಳೇ. ಒಂದು ಎಳೆ ಓರೆಯಾದರೂ "ಲೇ ಇವಳೇ!" ಎಂದು ಕೂಗು, ಹಿಂದೆಯೇ ಶರ್ಟು ಹಾರಿಬಂದು ಮಡಿಲಿಗೆ ಬೀಳುತ್ತಿತ್ತು. ಅವಳೇನು ಕಮ್ಮಿಯೇ? ಒಂದಕ್ಕೆರಡು ಕೊಡುತ್ತಿದ್ದಳು. ಅಂಗಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಪರದೆ, ಹಾಗಾಗಿ ಬೀದಿಗೆಲ್ಲ ಪುಕ್ಕಟೆ ಮನರಂಜನೆ.

ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದ ದಿನ ಡಾಕ್ಟರು ಗಂಡನೊಬ್ಬನನ್ನೇ ಒಳಗೆ ಕರೆದು ಏನೋ ಹೇಳಿದರು. ಹೊರಗೆ ಬಂದವನು "ಸುಸ್ತಾಯ್ತೇನಮ್ಮಾ?" ಅಂದ. ಅಮ್ಮಾ! ಅಳತೆ ಕೊಡಲು ಬಂದ ಹೆಂಗಸರಿಗೆ ಹೇಳುವ ಅಮ್ಮಾ.

ಔಷಧಿ ಏರಿಸುತ್ತ ಏರಿಸುತ್ತ ಕೂದಲು ಹೋಯಿತು, ಬೆರಳ ತುದಿಗೆ ಜೋಮು ಹಿಡಿಯಿತು. ಸೂಜಿ ಕೈಯಲ್ಲಿದೆಯೋ ಬಿದ್ದಿದೆಯೋ, ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಅವಳ ಕಾಜಗಳು ಸೊಟ್ಟಗೆ ಬಾಯಿಬಿಟ್ಟವು. ಗಂಡ ಬೆಳಕಿಗೆ ಹಿಡಿದು ನೋಡಿ ಬಹಳ ಚೆನ್ನಾಗಿದೆ ಎಂದ. ಮುಂದಿನ ಶರ್ಟು ಇನ್ನೂ ಸೊಟ್ಟ. ಅದು ಇನ್ನೂ ಚೆನ್ನಾಗಿತ್ತಂತೆ. ಸಾಯುವವಳಿಗೇ ಇಷ್ಟೊಂದು ಮರ್ಯಾದೆ ಎಂದು ಅವಳು ಒಳಗೊಳಗೇ ಕುಸಿದಳು. ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲ. ಕೇಳಿ, ಆ ಪುಣ್ಯಾತ್ಮ ನಿಜ ಹೇಳಿಬಿಟ್ಟರೆ?

ಕೊನೆಗೊಂದು ಪರೀಕ್ಷೆ ಹೂಡಿದಳು. ಲೆಕ್ಕದ ಮೇಷ್ಟ್ರ ಹೊಸ ಶರ್ಟಿಗೆ ಎರಡೂ ಕಡೆ ಕಾಜವನ್ನೇ ಹಾಕಿದಳು. ಗುಂಡಿಗೆ ಜಾಗವೇ ಇಲ್ಲ. ಕಾಜ ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಇದಕ್ಕೂ ಬೈಯದಿದ್ದರೆ ತಾನು ಬದುಕುವುದಿಲ್ಲ, ಅಷ್ಟೇ.

ಗಂಡ ಶರ್ಟನ್ನು ಹಿಂದೆ ಮುಂದೆ ತಿರುಗಿಸಿದ. ಕುತ್ತಿಗೆಯ ನರ ಉಬ್ಬಿತು. ಬಂತು, ಬಂತು ಎಂದು ಅವಳು ಕಾದಳು.

"ಗಾಳಿ ಚೆನ್ನಾಗಿ ಆಡುತ್ತೆ ಬಿಡಮ್ಮಾ" ಎಂದು ಮಡಚಿಟ್ಟ.

ಮರುವಾರ ಸೊಪ್ಪು ತರಲು ಹೊರಟವಳಿಗೆ ಮೇಷ್ಟ್ರು ಎದುರಾದರು. ಅದೇ ಶರ್ಟು, ಉದ್ದಕ್ಕೂ ಪಿನ್ನು. ಹೊಲಿಗೆ ಅಂದರೆ ಇದು ಎಂದು ಹೊಗಳುತ್ತ ಎದೆಯ ಮೇಲೆ ಕೈಯಿಟ್ಟವರು ಪಿನ್ನು ಚುಚ್ಚಿಸಿಕೊಂಡು ಮುಖ ಕಿವುಚಿದರು. ಅವಳು ಸುತ್ತ ಕಣ್ಣಾಡಿಸಿದಳು. ಹಾಲಿನವನ ಶರ್ಟಿನ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ. ಔಷಧಿ ಅಂಗಡಿಯವನ ಕಾಲರು ಕಿವಿಯ ಹತ್ತಿರ. ಇಡೀ ಬೀದಿ ಅವಳ ಸೊಟ್ಟ ಕಾಜ ತೊಟ್ಟು ಹಲ್ಲುಕಚ್ಚಿಕೊಂಡು ಓಡಾಡುತ್ತಿತ್ತು. ಗಂಡ ಒಬ್ಬೊಬ್ಬರ ಕೈಕಾಲು ಹಿಡಿದಿದ್ದಾನೆಂದು ಕೇಳದೆಯೇ ತಿಳಿಯಿತು.

ಸೊಪ್ಪು ಹಾಳಾಗಿ ಹೋಗಲಿ ಎಂದು ಸೀದಾ ಅಂಗಡಿಗೆ ನುಗ್ಗಿದಳು.

"ನಾನು ಎಷ್ಟು ದಿನ ಇರ್ತೀನಿ ಅಂದ್ರು ಡಾಕ್ಟರು? ನಿಜ ಹೇಳ್ರಿ."

ಹೊಲಿಗೆ ಮಿಷನ್ ನಿಂತಿತು. ಅವನು ಪೆಚ್ಚಾದ. ಹಾಗೇನೂ ಹೇಳಿರಲೇ ಇಲ್ಲವಂತೆ. ಗುಣವಾದವರು ಬೇಕಾದಷ್ಟು ಜನ ಇದ್ದಾರೆ, ಖಾತ್ರಿ ಮಾತ್ರ ಕೊಡಲಾರೆ, ಹೆಂಡತಿಯ ಮನಸ್ಸಿಗೆ ನೋವಾಗದಂತೆ ನೋಡಿಕೊಳ್ಳಿ ಎಂದಿದ್ದರು. ಇವನು ದರ್ಜಿ, ಕೊಟ್ಟ ಅಳತೆಯನ್ನು ಮೀರುವವನಲ್ಲ. ಬೈಗುಳ ನುಂಗಿ ನುಂಗಿ ತನಗೇ ಹೊಟ್ಟೆನೋವು ಶುರುವಾಗಿದೆ ಎಂದ.

"ನೀವು ಬೈಯಲ್ಲ ಅಂತ ನಾನು ದಿನಾ ಸಾಯ್ತಾ ಇದ್ದೆ" ಎಂದಳು.

ಅವನು ಅವಳನ್ನೇ ನೋಡಿದ. ಆಮೇಲೆ ಚಿಂದಿ ಬುಟ್ಟಿಯಿಂದ ಒಂದು ತುಂಡು ಬಟ್ಟೆ ಎಳೆದು ಅವಳ ಮೇಲೆ ಎಸೆದ.

"ಲೇ ಇವಳೇ! ಕೈ ಹಿಡಿತಕ್ಕೆ ಬರೋವರೆಗೂ ಇದರ ಮೇಲೆ ಕಾಜ ಹಾಕು. ಮುಂದಿನ ವರ್ಷನೂ ಮೇಷ್ಟ್ರು ಪಿನ್ನು ಚುಚ್ಕೊಂಡೇ ಓಡಾಡಬೇಕಾ?"

ಮುಂದಿನ ವರ್ಷ ಅಂದನಲ್ಲ! ಅವಳು ಅಲ್ಲೇ ನೆಲದ ಮೇಲೆ ಕೂತು ಒಂದು ಕಾಜ ಹಾಕಿದಳು. ಅವನು ಬೆಳಕಿಗೆ ಹಿಡಿದು, ಥೂ ಎಂದು ಮಡಿಲಿಗೆ ಬಿಸಾಕಿದ. ಸಂತೋಷಕ್ಕೆ ಅವಳ ಕಣ್ಣು ತುಂಬಿತು.

"ನಿಮ್ಮ ಮುಖದಷ್ಟು ಸೊಟ್ಟ ಇಲ್ಲ ಬಿಡ್ರಿ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ, ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು.