ರುದ್ರಯ್ಯ ಕುಡಿದ ಹಪುಷದ ಕಷಾಯ

ಯಸಳೂರಿನ ರುದ್ರಯ್ಯನಿಗೆ ಮೂರು ತಿಂಗಳಿಂದ ಮೂತ್ರ ಸಲೀಸಾಗಿ ಹೋಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದು ಗತ್ತಿನಿಂದ ಬಾಳಿದವನಿಗೆ ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದೇ ತಿಳಿಯಲಿಲ್ಲ. ಹಳೇ ಗೆಳೆಯ ಬೋರಯ್ಯನ ಕಿವಿಗೆ ಮಾತ್ರ ಹಾಕಿದ್ದ. ಅವನು ಸಕಲೇಶಪುರದಲ್ಲಿ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಿಂದ ಹಪುಷ ತಂದುಕೊಟ್ಟ. ಮೆಣಸಿಗಿಂತ ತುಸು ದಪ್ಪಗಿನ, ಕಪ್ಪಗೆ ಒಣಗಿದ ಕಾಯಿ. ನಮ್ಮ ಕಾಡಿನದಲ್ಲ, ಹಿಮಾಲಯದ ಕಡೆಯದು. ಹೊಟ್ಟೆಯುಬ್ಬರಕ್ಕೂ ಮೂತ್ರ ಕಟ್ಟಿದ್ದಕ್ಕೂ ಹಿಂದಿನವರು ಇದನ್ನೇ ಜಜ್ಜಿ ಕುದಿಸಿ ಕೊಡುತ್ತಿದ್ದರಂತೆ.

ಅಂದು ರುದ್ರಯ್ಯ ಸೊಸೆ ಚೈತ್ರಶ್ರೀಯ ಜೊತೆ ಉಪ್ಪಿನಂಗಡಿಗೆ, ಅವಳ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದ. ದಾರಿಯಲ್ಲಿ ತೊಂದರೆಯಾಗದಿರಲಿ ಎಂದು ಬೆಳಿಗ್ಗೆ ದಿನದ ಒಂದು ಲೋಟದ ಬದಲು ಎರಡು ಲೋಟ ಕಷಾಯ ಕುಡಿದ. ಘಾಟಿಯ ಬಾಯಲ್ಲಿರುವ ದೋಣಿಗಲ್ ದಾಟುತ್ತಿದ್ದಂತೆ ಬಸ್ಸು ನಿಂತಿತು. ಮುಂದೆ ಗುಡ್ಡ ಜರಿದಿತ್ತು. ಹಿಂದಿನಿಂದ ಲಾರಿಗಳು ಬಂದು ಒತ್ತಿಕೊಂಡು ನಿಂತವು. ಬಸ್ಸು ತಿರುಗಿಸಲೂ ಜಾಗವಿರಲಿಲ್ಲ.

ಒಂದು ಗಂಟೆ ಕಳೆಯುವಷ್ಟರಲ್ಲಿ ಕಿಬ್ಬೊಟ್ಟೆ ಕಲ್ಲಿನಂತೆ ಬಿಗಿಯಿತು. ಇಳಿದು ಲಾರಿಯೊಂದರ ಮರೆಗೆ ಹೋದ. ಹನಿಯೂ ಬರಲಿಲ್ಲ. ಹತ್ತಿ ಕೂತ, ಮತ್ತೆ ಇಳಿದ, ಮತ್ತೆ ಹತ್ತಿದ. ಬೆವರುತ್ತಿದ್ದ ಮಾವನನ್ನು ನೋಡಿ ಚೈತ್ರಶ್ರೀ, ಘಾಟಿ ತಿರುವಿಗೆ ಪಿತ್ತ ಕೆದರಿದೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟಳು. ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ರುದ್ರಯ್ಯ ಅರ್ಧ ಬಾಟಲಿ ಕುಡಿದ. ಇನ್ನೊಂದು ಗಂಟೆ ಹೋಯಿತು. ನೆಟ್ಟಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ಹಣೆ ಊರಿದ. ಇಲ್ಲೇ ಪ್ರಾಣ ಹೋಗುತ್ತದೆ ಅನ್ನಿಸಿತು.

“ಚೈತ್ರಾ, ನಂಗೆ ಉಚ್ಚೆ ಕಟ್ಕಂಡೈತೆ ಕಣವ್ವ,” ಎಂದ, ತಲೆ ಎತ್ತದೆ. “ಬೆಳಿಗ್ಗೆಯಿಂದ ಒಂದು ಹನಿ ಹೋಗಿಲ್ಲ.”

ಅವಳು ಬಸ್ಸಿನಿಂದ ಕೆಳಗಿಳಿದಳು. ಸಂದಿಯಲ್ಲಿ ಬೈಕು ತಿರುಗಿಸಿಕೊಂಡು ವಾಪಸ್ಸು ಹೊರಟಿದ್ದ ಇಬ್ಬರನ್ನು ತಡೆದು ಕೇಳಿಕೊಂಡಳು. ಮೇಲೆ ಬಂದು ಮಾವನ ತೋಳು ಹಿಡಿದಳು.

“ಏಳಿ ಮಾವ. ನಾಚ್ಕೆ ಎಲ್ಲ ಆಮೇಲೆ.”

ಒಂದು ಬೈಕಿನಲ್ಲಿ ಅವನು, ಇನ್ನೊಂದರಲ್ಲಿ ಅವಳು. ಪ್ರತಿ ಗುಂಡಿಗೂ ಅವನ ಕಣ್ಣು ಕತ್ತಲಿಟ್ಟಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ಕೊಳವೆ ಹಾಕಿದ ಮೇಲೆಯೇ ಉಸಿರು ಬಂದದ್ದು.

ಮೂತ್ರಚೀಲದ ಬುಡದ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿಯನ್ನೇ ಒತ್ತಿಬಿಟ್ಟಿದೆ ಎಂದರು ಡಾಕ್ಟರು. ಏನು ಕುಡಿದಿರಿ ಎಂದು ಕೇಳಿ ತಿಳಿದು, ಹಪುಷ ಮೂತ್ರವನ್ನು ಹೆಚ್ಚಿಸುತ್ತದೆ, ಮುಚ್ಚಿದ ದಾರಿಯನ್ನು ಬಿಡಿಸುವುದಿಲ್ಲ ಎಂದರು. ಹಾಸನದಲ್ಲಿ ಆಪರೇಷನ್ ಆಗುವವರೆಗೆ ಕೊಳವೆ, ಮೂತ್ರ ತುಂಬುವ ಚೀಲ ಎರಡೂ ಇರಬೇಕು. ಪಂಚೆಯ ಪಕ್ಕ ಚೀಲ ತೂಗುಹಾಕಿಕೊಂಡು ಊರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದನ್ನು ನೆನೆದೇ ರುದ್ರಯ್ಯ ಕುಗ್ಗಿಹೋದ.

ಅಷ್ಟರಲ್ಲಿ ಮಗ ಜಯಕುಮಾರನ ಫೋನು ಬಂತು. ಏನು ಹೇಳಲಿ ಎನ್ನುವಂತೆ ಚೈತ್ರಶ್ರೀ ಮಾವನ ಮುಖ ನೋಡಿದಳು. ಅವನು ಕೈ ಚಾಚಿ ಫೋನು ಇಸಿದುಕೊಂಡ.

“ಆಸ್ಪತ್ರೇಲಿದೀನಿ ಕಣೋ,” ಎಂದ. ಆಮೇಲೆ ಮೂರು ತಿಂಗಳ ಹಿಂದಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ.