ಬಾನೆಟ್ಟಿನ ಮೇಲೆ ಗುಲ್ಷನ

ಎರಡು ಸಾವಿರದ ಒಂಬತ್ತರ ನೆರೆಯಲ್ಲಿ ಮಲಪ್ರಭೆ ಮೆಣಸಗಿಯ ಓಣಿಗಳಿಗೆ ಬಂದು ಹೋದಳು. ಹೋಗುವಾಗ ಗುಲ್ಷನಳ ಮನೆಯ ಮೂರು ಗೋಡೆ, ಮಾಳಿಗೆ, ಒಲೆ, ಎಲ್ಲ ಒಯ್ದಳು. ಮುಂದಿನ ಗೋಡೆ ಮತ್ತು ಅದರ ಬಾಗಿಲನ್ನು ಮಾತ್ರ ಬಿಟ್ಟಳು.

ಆ ಬಾಗಿಲೇ ಗುಲ್ಷನಳಿಗೆ ಮುಳುವಾಯಿತು. ಬಿದ್ದ ಮನೆಗಳ ಪಟ್ಟಿ ಮಾಡಲು ಬಂದ ಸಾಹೇಬರು ದೊಡ್ಡ ರಸ್ತೆಯಲ್ಲೇ ಕಾರು ನಿಲ್ಲಿಸಿ, ಗಾಜಿನೊಳಗಿಂದ ಓಣಿ ನೋಡಿದರು. ಕೆಸರಿಗೆ ಇಳಿದರೆ ಬೂಟು ಕೆಡುತ್ತದಲ್ಲ! ಆಮೇಲೆ ಎರಡು ಬೆರಳಷ್ಟು ಗಾಜು ಇಳಿಸಿ ಪಟ್ಟಿ ಓದಿದರು. ಗುಲ್ಷನಳ ಹೆಸರಿಲ್ಲ. ಬಾಜು ಮನೆಯ ಗೌರವ್ವನ ಹೆಸರೂ ಇಲ್ಲ. ಓಣಿಯ ತುಂಬ ಹೀಗೇ ಬರೀ ಬಾಗಿಲುಗಳು ನಿಂತಿದ್ದವು. ಇಡೀ ಓಣಿ ಎಂಟು ದಿನದಿಂದ ಶಾಲೆಯ ಪಡಸಾಲೆಯಲ್ಲಿ ಮಲಗುತ್ತಿತ್ತು. ಪಟ್ಟಿಯ ಪ್ರಕಾರ ಮಾತ್ರ ಎಲ್ಲರೂ ತಂತಮ್ಮ ಮನೆಯಲ್ಲಿ ಸುಖವಾಗಿದ್ದರು.

"ಬಾಗಿಲು ನಿಂತಿದೆಯಲ್ಲ. ಮನೆ ಇದೆ ಅಂತಲೇ ಅರ್ಥ" ಅಂದರು ಸಾಹೇಬರು.

"ಇಳದು ಬಂದು ಬಾಗಿಲ ಹಿಂದ ನೋಡ್ರಿ ಸಾಹೇಬ್ರ!" ಗುಲ್ಷನ ಅಂಗಲಾಚಿದಳು. "ಹೆಸರ ಇಲ್ಲಂದ್ರ ನಮಗ ಹೊಸಾ ಮನಿ ಇಲ್ಲರಿ."

"ಸಂಜೆ ಆರಕ್ಕೆ ಪಟ್ಟಿ ರೋಣದ ಕಚೇರಿಯಲ್ಲಿರಬೇಕು. ನಡಿಯಪ್ಪ" ಎಂದವರೇ ಗಾಜು ಏರಿಸಿದರು. ಕಾರು ಹೊರಟಿತು. ಹತ್ತು ಮಾರು ಹೋಗಿ, ಮೂತಿಯಿಂದ ಬುಸುಬುಸು ಹಬೆ ಬಿಟ್ಟು ನಿಂತಿತು.

ಇಂಥ ಹೊತ್ತಿನಲ್ಲಿ ದೇವರಿಲ್ಲ ಅನ್ನುವವರು ಯಾರು?

ಡ್ರೈವರ್ ದೇವಪ್ಪ ಒಳಗಿನ ಹಿಡಿ ಜಗ್ಗಿದ. ಬಾನೆಟ್ ಮಿಸುಕಲಿಲ್ಲ. ವಾರವೆಲ್ಲ ನೆರೆಯ ಕೆಸರಿನಲ್ಲಿ ಓಡಿದ ಗಾಡಿ, ಕೊಂಡಿಯಲ್ಲಿ ರಾಡಿ ಒಣಗಿ ಗಟ್ಟಿಯಾಗಿತ್ತು. ಸಂದಿಯಲ್ಲಿ ಬೆರಳು ತೂರಿಸಿ ಎಳೆದ. ಉಗುರು ಕಿತ್ತಿತು. ಒದ್ದ. ಕಾಲು ನೊಂದಿತು. ಒಳಗಿಂದ ಸಾಹೇಬರು ಗಡಿಯಾರ ತೋರಿಸಿದರು.

"ಗುಲ್ಷನನ್ನ ಕೇಳೋ ತಮ್ಮಾ" ಅಂದಳು ಗೌರವ್ವ. ಗುಲ್ಷನ ತಗಡಿನ ಟ್ರಂಕು ಮಾಡುವವಳು. ನೀರು ಇಳಿದ ಮೇಲೆ ಊರಿನ ಟ್ರಂಕುಗಳೆಲ್ಲ ಕೆಸರು ಕಚ್ಚಿ ಬಾಯಿ ಬಿಗಿದಿದ್ದವು. ಒಂದೊಂದನ್ನೂ ತೆಗೆದುಕೊಟ್ಟವಳು ಆಕೆಯೇ.

ಗುಲ್ಷನ ಕೊಂಡಿಗೆ ಸೀಮೆಎಣ್ಣೆ ಬಿಟ್ಟಳು. "ಎಳೀಬ್ಯಾಡೋ ಅಣ್ಣಾ! ಎಳದಷ್ಟೂ ಕಚ್ಚಿ ಹಿಡೀತೈತಿ. ನೀ ಒಳಗ ಕುಂತು ಹಿಡಿ ಜಗ್ಗು, ನಾ ಮ್ಯಾಲಿಂದ ಒತ್ತತೇನಿ."

ಎರಡೂ ಅಂಗೈ ಇಟ್ಟು ಒತ್ತಿದಳು. ಊಹೂಂ. ಗೌರವ್ವನೂ ಬಂದು ಮೈಭಾರ ಹಾಕಿದಳು. "ಹೂಂ, ಈಗ!" ಟಣ್! ಬಾನೆಟ್ ಬಾಯಿ ತೆರೆಯಿತು. ಜನ ಹೋ ಎಂದು ಕೂಗಿದರು. ಯಾರೋ ಸಿಳ್ಳೆ ಹೊಡೆದರು.

ದೇವಪ್ಪ ನೀರು ಹೊಯ್ದ. ಇಂಜಿನ್ ಶುರುವಾಯಿತು. ಆದರೆ ಬಾನೆಟ್ ಈಗ ಮುಚ್ಚಲೊಲ್ಲದು! ಕೊಂಡಿಯ ಸ್ಪ್ರಿಂಗು ಮುರಿದು ಕೆಸರಿಗೆ ಬಿದ್ದಿತ್ತು. ಹಾಗೇ ಓಡಿಸಿದರೆ ಗಾಳಿಗೆ ಎದ್ದು ಗಾಜಿಗೆ ಬಡಿಯುತ್ತದೆ.

"ಒಂದ್ ಹಗ್ಗ ಕೊಡ್ರಿ, ಕಟ್ಟತೇನಿ" ಅಂದ ದೇವಪ್ಪ.

ಯಾರೂ ಅಲುಗಾಡಲಿಲ್ಲ.

"ಹಗ್ಗೆಲ್ಲಿ ಬರಬೇಕೋ ತಮ್ಮಾ, ಎಲ್ಲಾ ಹೊಳಿ ಒಯ್ತು" ಅಂದಳು ಗೌರವ್ವ. ಅವಳ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕರು. ಅದು ಅವಳನ್ನು ದರದರ ಎಳೆಯುತ್ತಿತ್ತು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು.

ಗುಲ್ಷನಳಿಗೆ ಅದೆಲ್ಲಿಂದ ಧೈರ್ಯ ಬಂತೋ. "ಹಗ್ಗ ಯಾಕ್ರಿ? ನಾವಿಲ್ಲೇನು!" ಎಂದು ಟಣ್ಣನೆ ಹಾರಿ ಬಾನೆಟ್ ಮೇಲೆ ಕುಳಿತಳು. ಗೌರವ್ವ ಕರುವನ್ನು ಯಾರದೋ ಕೈಗೆ ಕೊಟ್ಟು ತಾನೂ ಏರಿದಳು. ತಗಡು ಗೊರ್ ಎಂದಿತು.

"ಇಳೀರಿ! ಸರಕಾರಿ ಗಾಡಿ!"

"ಇಳದ್ರ ಬಾಯಿ ತಗೀತೈತ್ರಿ ಸಾಹೇಬ್ರ."

"ಅಕ್ಕಾ, ನನಗ ಮುಂದ ಏನೂ ಕಾಣವಲ್ದು" ಎಂದ ದೇವಪ್ಪ.

"ನಾ ಕೈ ಮಾಡಿದತ್ತ ಹೊಡಿ."

ಗುಲ್ಷನ ಎಡಕ್ಕೆ ಕೈ ಮಾಡಿದಳು. ರೋಣದ ದಾರಿ ಇರುವುದು ಬಲಕ್ಕೆ. ಕಾರು ಎಡಕ್ಕೆ ಹೊರಳಿ ಓಣಿಗೆ ನುಗ್ಗಿತು. ಸಾಹೇಬರು "ನಿಲ್ಸೋ! ನಿಲ್ಸೋ!" ಎಂದು ಬಡಕೊಂಡರು. "ಏನೂ ಕಾಣವಲ್ದ್ರಿ ಸರ" ಎಂದ ದೇವಪ್ಪ. ಒಂಬತ್ತು ವರ್ಷದಿಂದ ಟೆಂಪರರಿ ಇದ್ದವನು, ಜೀವಮಾನದಲ್ಲಿ ಮೊದಲ ಸಲ ಬಲು ಖುಷಿಯಿಂದ ಗಾಡಿ ಓಡಿಸಿದ. ಎರಡೂ ಕಡೆ ಕೆಸರು ಚಿಮ್ಮಿತು. ಹಿಂದೆ ಊರಿಗೆ ಊರೇ ಓಡಿಬಂತು. ಎಂಟು ದಿನದಿಂದ ನಗದಿದ್ದ ಗುಲ್ಷನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ.

ಅವಳು ಕೈ ಎತ್ತಿದಳು. ಕಾರು ನಿಂತಿತು.

"ಮನಿ ಐತಿ ಅಂದ್ರಲ್ರಿ? ಒಳಗ ಬರ್ರಿ, ಚಾ ಕುಡೀರಿ."

ಸಾಹೇಬರ ಕಿಟಕಿಯ ಎದುರಿಗೇ ಬಾಗಿಲು. ಯಾರೋ ಅದನ್ನು ನೂಕಿದರು. ಬಾಗಿಲ ಹಿಂದೆ ಒಂದು ಇಟ್ಟಂಗಿಯೂ ಇರಲಿಲ್ಲ. ಹೊಳೆಯ ತನಕ ಬರೀ ಕೆಸರು. ಸಾಹೇಬರು ಈ ಸಲ ಗಾಜು ಪೂರ್ತಿ ಇಳಿಸಿದರು.

"ನಾಳೆ ನೋಡೋಣಮ್ಮ. ಈಗ ತಡ ಆಗ್ತದೆ."

"ಆಗ್ಲಿ ಬಿಡ್ರಿ" ಅಂದಳು ಗುಲ್ಷನ. "ನಮಗೇನ್ ಅವಸರಿಲ್ಲ. ಹೋಗಾಕ ಮನೀನ ಇಲ್ಲ."

ಓಣಿಯವರೆಲ್ಲ ಒಬ್ಬೊಬ್ಬರಾಗಿ ಕಾರಿನ ಸುತ್ತ ಕೆಸರಿನಲ್ಲೇ ಕುಳಿತರು. ದೇವಪ್ಪ ಇಂಜಿನ್ ಬಂದ್ ಮಾಡಿದ.

ಸಾಹೇಬರು ಕೆಳಗಿಳಿದರು. ಬೂಟು ಕಣಕಾಲ ತನಕ ಹೂತಿತು. ಬಾಗಿಲು ದಾಟಿ ಆ ಕಡೆ ಹೋದರು, ನಿಂತು ನೋಡಿದರು, ಮರಳಿ ಬಂದು ಪೆನ್ನು ತೆಗೆದರು.

"ಆಯ್ತು. ನಿನ್ನ ಹೆಸರು ಹೇಳು. ಬರ್ಕೊಂಡು ಹೋಗ್ತೀನಿ."

ಗುಲ್ಷನ ಬಾನೆಟ್ ಬಿಟ್ಟು ಇಳಿಯಲಿಲ್ಲ. ಕಣ್ಣು ಒರೆಸಿಕೊಂಡು ಓಣಿಯ ತುದಿಗೆ ಕೈ ಮಾಡಿದಳು.

"ಅಲ್ಲಿಂದ ಸುರು ಮಾಡ್ರಿ, ಒಂದೊಂದ ಬಾಗಲಾ ದಾಟಿಕೋತ ಬರ್ರಿ. ನನ್ನ ಹೆಸರ ಕಡೀಕ ಹೇಳತೇನಿ."