ಸ್ಪ್ರಿಂಗ್ ಎಲ್ಲಿದೆ?

ಅಕ್ಕನ ಪ್ರಯೋಗಾಲಯದ ಕೋಲ್ಡ್ ರೂಮು ಕೆಟ್ಟಿತ್ತು. ರಿಪೇರಿ ನನ್ನ ಕಸುಬು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಹೋದರೆ, ಅಕ್ಕ ಮುಖ ಊದಿಸಿಕೊಂಡು ಒಂದು ಫಿಲಂ ಹಿಡಿದು ಕೂತಿದ್ದಳು. ಅದರಲ್ಲಿ ಕಾಣಬೇಕಾದ ಕಪ್ಪು ಗೆರೆ ಇರಲಿಲ್ಲ.

"ಗ್ರಾಹಕ ಡಿಎನ್‌ಎಗೆ ಅಂಟ್ತಾನೇ ಇಲ್ಲ ಕಣೋ. ಅಂಟಿದ್ರೆ ಇಲ್ಲಿ ಗೆರೆ ಬರ್ತಿತ್ತು. ಶುಕ್ರವಾರದೊಳಗೆ ಗೆರೆ ತೋರಿಸದಿದ್ರೆ ಕೆಲಸ ಬೇರೆಯವರಿಗಂತೆ."

"ಗ್ರಾಹಕ ಅಂದ್ರೆ ಗಿರಾಕಿ ತಾನೆ? ಯಾವ ಅಂಗಡಿ?"

ಅವಳಿಗೆ ನಗು ಬಂತು. "ಗಿರಾಕಿ ಅಂತಾನೇ ಇಟ್ಕೋ. ಅದೂ ಒಂದು ಪ್ರೋಟೀನು. ಹಾರ್ಮೋನ್ ಕೈಗೆ ಸಿಕ್ಕಿದ ಮೇಲೆ ಡಿಎನ್‌ಎ ಬೀದೀಲಿ ತನ್ನ ಅಂಗಡಿ ಹುಡುಕಿ ಹಿಡ್ಕೋಬೇಕು. ಮೊದಲು ಚೆನ್ನಾಗೇ ಹಿಡೀತಿತ್ತು. ಶುದ್ಧ ಮಾಡಿದಷ್ಟೂ ಹಿಡಿತ ಬಿಡ್ತಾ ಹೋಯ್ತು."

ಶುದ್ಧ ಮಾಡಿಸಿದ್ದು ಅವಳ ಮೇಷ್ಟ್ರು. ಏನು ಕೇಳಿದರೂ "ಇನ್ನೊಂದ್ಸಲ ತೊಳಿ" ಅನ್ನುತ್ತಿದ್ದ ಅವರಿಗೆ ಎಲ್ಲರೂ ಇಟ್ಟ ಹೆಸರು ತೊಳೆಯಪ್ಪ.

"ತೊಳೆದು ತೆಗೆದದ್ದೆಲ್ಲ ಏನಾಯ್ತು?"

ಅಮ್ಮನ ಮಗಳಲ್ಲವೇ, ಏನನ್ನೂ ಬಿಸಾಡಿರಲಿಲ್ಲ. ಫ್ರೀಜರಿನಲ್ಲಿ ಸಾಲಾಗಿ ನಳಿಕೆಗಳು, ಎಲ್ಲದರ ಮೇಲೂ ಒಂದೇ ಮಾತು: ಕಸ.

ಶುದ್ಧ ಗ್ರಾಹಕಕ್ಕೆ ಕಸದ ಒಂದು ತೊಟ್ಟು ಬೆರೆಸಿದಳು. ಗೆರೆ ಮೂಡಿತು! ನಾನು ಕಂಪ್ರೆಸರ್ ಬಿಚ್ಚಿ ಜೋಡಿಸುವ ನಾಲ್ಕು ದಿನಗಳಲ್ಲಿ ಅವಳು ಕಸ ಸೋಸಿ, ಆ ಕೆಲಸ ಮಾಡಿದ ಒಂದು ಪುಟ್ಟ ಪ್ರೋಟೀನನ್ನು ಹಿಡಿದಳು.

ಶುಕ್ರವಾರ ತೊಳೆಯಪ್ಪ ಬಂದರು. "ಗೆರೆಯೊಳಗೆ ಗ್ರಾಹಕ ಇದೆ, ಡಿಎನ್‌ಎ ಇದೆ. ನಿನ್ನ ಸಹಾಯಕ ಪ್ರೋಟೀನು ಎಲ್ಲಿದೆಯಮ್ಮ? ಜಾಗದಲ್ಲೇ ಇಲ್ಲದ್ದು ಸಹಾಯ ಹೆಂಗೆ ಮಾಡುತ್ತೆ? ಕೊಳೆ ಅದು. ಇನ್ನೊಂದ್ಸಲ..."

ನನಗೆ ಪಿತ್ತ ನೆತ್ತಿಗೇರಿತು. ಎಷ್ಟು ಕಟ್ಟಡಗಳ ತಂಪು ನನ್ನ ಕೈಯದು, ಯಾವ ಗೋಡೆಯ ಮೇಲೆ ನನ್ನ ಹೆಸರಿದೆ? ತಾಮ್ರದ ಪೈಪೊಂದನ್ನು ಅವರ ಕೈಗೆ ತುರುಕಿದೆ.

"ಬಗ್ಗಿಸಿ ಸಾರ್."

"ಯಾರಪ್ಪ ನೀನು?"

"ಕೋಲ್ಡ್ ರೂಮಿನವನು. ಬಗ್ಗಿಸಿ."

ಬಗ್ಗಿಸಿದರು. ಪೈಪು ನಡುವೆ ಚಪ್ಪಟೆಯಾಗಿ ಮಡಚಿಕೊಂಡಿತು. ನಾನು ಇನ್ನೊಂದರೊಳಗೆ ಪೈಪು ಬಗ್ಗಿಸುವ ಉದ್ದನೆಯ ಸ್ಪ್ರಿಂಗ್ ತೂರಿಸಿ, ಮೊಣಕಾಲಿಗೆ ಒತ್ತಿ ಚೆಂದವಾಗಿ ಬಾಗಿಸಿ, ಸ್ಪ್ರಿಂಗ್ ಎಳೆದು ಜೇಬಿಗಿಳಿಸಿದೆ.

"ಇದರೊಳಗೆ ಸ್ಪ್ರಿಂಗ್ ಎಲ್ಲಿದೆ, ತೋರಿಸಿ."

ಅವರು ನಿಜಕ್ಕೂ ಪೈಪಿಗೆ ಕಣ್ಣಿಟ್ಟರು. ಅಕ್ಕ ಮಾತ್ರ ದಡಕ್ಕನೆ ಎದ್ದಳು.

"ಸಾರ್! ಡಿಎನ್‌ಎ ಬಿರುಸು. ಗಿರಾಕಿಗೆ... ಗ್ರಾಹಕಕ್ಕೆ ಅದು ಬಾಗಿರಬೇಕೇನೋ. ಸಹಾಯಕ ಬಗ್ಗಿಸಿಕೊಟ್ಟು ಹೊರಟುಹೋದ್ರೆ? ಮೊದಲೇ ಬಳೆ ಥರ ಬಾಗಿಸಿದ ಡಿಎನ್‌ಎ ಕೊಟ್ಟು ನೋಡೋಣ. ಆಗ ಸಹಾಯಕ ಇಲ್ದೇನೂ ಅಂಟಬೇಕು!"

ತೊಳೆಯಪ್ಪ ಎರಡು ಪೈಪುಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ತೊಳಿ ಅನ್ನಲಿಲ್ಲ.

"ಮಾಡಿ ನೋಡಮ್ಮ. ನೀನೇ ಮಾಡು, ಕೆಲಸ ನಿನ್ನದೇ."

ಅಕ್ಕ ಪೆನ್ನು ತೆಗೆದು ನಳಿಕೆಯ ಮೇಲಿನ 'ಕಸ' ಹೊಡೆದುಹಾಕಿದಳು. ಬಾಗಿಲ ತನಕ ಹೋದ ತೊಳೆಯಪ್ಪ ನನ್ನ ಕಡೆ ತಿರುಗಿದರು.

"ಅಲ್ಲಯ್ಯಾ, ಬಗ್ಗಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ?"

ಜೇಬು ತಟ್ಟಿದೆ.

"ಮುಂದಿನ ಪೈಪಿಗೆ ಸಾರ್."